ದೇವಿಮನೆ ಘಾಟಿ ತೆರೆದಿದೆಯೇ? ಗೂಗಲ್ ಪುಟದ ಉತ್ತರ ಬರುವುದು ಎಲ್ಲಿಂದ

ಮಳೆಗಾಲದಲ್ಲಿ ಕುಮಟಾದಿಂದ ಶಿರಸಿಗೆ ಹೊರಡುವವರು ಮನೆ ಬಿಡುವ ಮೊದಲು ಮೊಬೈಲ್‌ನಲ್ಲಿ ಹುಡುಕುವ ಪ್ರಶ್ನೆ ಒಂದೇ: ದೇವಿಮನೆ ಘಾಟಿ ತೆರೆದಿದೆಯೇ? ರಸ್ತೆ ಕಾಮಗಾರಿ, ಮಣ್ಣು ಕುಸಿತಗಳಿಂದಾಗಿ ಹಲವು ಸಲ ಸಂಚಾರ ನಿಂತ ದಾರಿ ಅದು. ಈ ಪ್ರಶ್ನೆಗೆ ಪರದೆಯ ಮೇಲೆ ಬರುವ ಸಾಮಗ್ರಿ ನಾನಾ ಬಗೆಯದು. ತುದಿಯಲ್ಲಿ ಕೃತಕ ಬುದ್ಧಿಮತ್ತೆ ಬರೆದ ನಾಲ್ಕು ಸಾಲು ಇರಬಹುದು. ಅದರ ಕೆಳಗೆ ಸುದ್ದಿಯ ಚೌಕಗಳು, ನಕ್ಷೆ, ವಿಡಿಯೊಗಳು, ಜನರು ಕೇಳುವ ಇತರ ಪ್ರಶ್ನೆಗಳ ಪಟ್ಟಿ, ನಡುವೆ ಯಾವುದೋ ಹೋಟೆಲಿನ ಜಾಹೀರಾತು. ಇವೆಲ್ಲವನ್ನೂ ಸೇರಿಸಿ ನಾವು ‘ಗೂಗಲ್ ಹೇಳಿತು’ ಎನ್ನುತ್ತೇವೆ. ಆದರೆ ಆ ಒಂದು ಪುಟದಲ್ಲಿ ಮಾತನಾಡುತ್ತಿರುವುದು ಐದಾರು ಬೇರೆ ಬೇರೆ ವ್ಯವಸ್ಥೆಗಳು. ಒಂದೊಂದಕ್ಕೂ ಮಾಹಿತಿಯ ಮೂಲ ಬೇರೆ, ಆಯ್ಕೆಯ ನಿಯಮ ಬೇರೆ, ತಪ್ಪುವ ರೀತಿಯೂ ಬೇರೆ. ಯಾವ ಚೌಕ ಎಲ್ಲಿಂದ ಬಂತು ಎಂದು ತಿಳಿದವರಿಗೆ ಯಾವುದನ್ನು ಎಷ್ಟು ನಂಬಬೇಕೆಂದೂ ತಿಳಿಯುತ್ತದೆ.

1998ರಲ್ಲಿ ಗೂಗಲ್ ಕಂಪನಿ ಶುರುವಾದಾಗ ಫಲಿತಾಂಶ ಪುಟ ಎಂದರೆ ಹತ್ತು ನೀಲಿ ಕೊಂಡಿಗಳು, ಪ್ರತಿಯೊಂದರ ಕೆಳಗೆ ಎರಡು ಸಾಲಿನ ಪರಿಚಯ, ಅಷ್ಟೇ. ಹಿನ್ನೆಲೆಯ ಕೆಲಸ ಅಂದಿಗೂ ಇಂದಿಗೂ ಮೂಲತಃ ಒಂದೇ ಕ್ರಮದಲ್ಲಿ ನಡೆಯುತ್ತದೆ. ತಂತ್ರಾಂಶವೊಂದು ಕೊಂಡಿಯಿಂದ ಕೊಂಡಿಗೆ ಹೋಗುತ್ತಾ ಜಾಲದ ಪುಟಗಳನ್ನು ಓದಿಕೊಳ್ಳುತ್ತದೆ. ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿಯನ್ನು ಮೊದಲೇ ಸಿದ್ಧಪಡಿಸಿಡುತ್ತದೆ. ನಾವು ಕೇಳಿದಾಗ ಸೂಚಿಯಿಂದ ಹೊಂದುವ ಪುಟಗಳನ್ನು ಎತ್ತಿ, ಯೋಗ್ಯತೆಯ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು, ಎಂಥ ಪುಟಗಳು ಕೊಂಡಿ ಕೊಟ್ಟಿವೆ ಎಂಬುದನ್ನು ಯೋಗ್ಯತೆಯ ಅಳತೆಯಾಗಿ ಬಳಸಿದ್ದು ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಅವರ ಆರಂಭದ ಮುಖ್ಯ ಆಲೋಚನೆ. ಆಗ ಆ ಪುಟದ ಕೆಲಸ ಬಸ್ ನಿಲ್ದಾಣದ ವಿಚಾರಣಾ ಕೌಂಟರಿನದಾಗಿತ್ತು: ಯಲ್ಲಾಪುರದ ಬಸ್ ಎಲ್ಲಿ ನಿಲ್ಲುತ್ತದೆ ಎಂದು ಕೈ ತೋರಿಸಿ ಕಳುಹಿಸುವುದು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಆ ಪುಟದಲ್ಲಿ ಆದ ಬದಲಾವಣೆಗಳೆಲ್ಲ ಸಾಗಿದ್ದು ಒಂದೇ ದಿಕ್ಕಿಗೆ. ಬೇರೆಡೆಗೆ ಕಳುಹಿಸುವ ಪುಟ ಕ್ರಮೇಣ ತಾನೇ ಉತ್ತರ ಹೇಳುವ ಪುಟವಾಯಿತು.

ಮೊದಲು ಬಂದದ್ದು ಜಾಹೀರಾತು, 2000ದ ಅಕ್ಟೋಬರ್‌ನಲ್ಲಿ. ಬಹುಕಾಲ ಕಂಪ್ಯೂಟರ್ ಪರದೆಯ ಬಲಗಡೆಗೆ ಜಾಹೀರಾತಿನದೇ ಪ್ರತ್ಯೇಕ ಪಟ್ಟಿ ಇತ್ತು, ಎಡಗಡೆಗೆ ಫಲಿತಾಂಶ. 2016ರ ಫೆಬ್ರವರಿಯಲ್ಲಿ ಬಲಗಡೆಯ ಪಟ್ಟಿಯನ್ನು ತೆಗೆದು, ಫಲಿತಾಂಶಗಳ ತಲೆಯ ಮೇಲೆಯೇ ನಾಲ್ಕರವರೆಗೆ ಜಾಹೀರಾತು ಕೂರಿಸುವ ಕ್ರಮ ಬಂತು. ಗುರುತಿನ ಚೀಟಿಯೂ ಬದಲಾಗುತ್ತಲೇ ಹೋಯಿತು. ಮೊದಲು ಇಡೀ ಜಾಹೀರಾತಿನ ಹಿಂದೆ ತೆಳು ಬಣ್ಣ ಇರುತ್ತಿತ್ತು. 2013ರಲ್ಲಿ ಅದು ಹೋಗಿ ಚಿಕ್ಕ ಹಳದಿ ಚೀಟಿ ಬಂತು, 2016ರಲ್ಲಿ ಚೀಟಿ ಹಸಿರಾಯಿತು, 2020ರ ಜನವರಿಯಲ್ಲಿ ಕಪ್ಪು ಅಕ್ಷರವಾಗಿ ಸಾಮಾನ್ಯ ಫಲಿತಾಂಶದ ಜೊತೆ ಬಹುತೇಕ ಬೆರೆತೇ ಹೋಯಿತು. ಆಗ ಎದ್ದ ಆಕ್ಷೇಪಕ್ಕೆ ಕಂಪನಿ ಕೆಲವೇ ದಿನಗಳಲ್ಲಿ ವಿನ್ಯಾಸವನ್ನು ಮರುಪರಿಶೀಲಿಸುವುದಾಗಿ ಹೇಳಬೇಕಾಯಿತು. 2022ರಿಂದ ಕಾಣುವುದು ‘ಪ್ರಾಯೋಜಿತ’ ಎಂಬರ್ಥದ ಪದ.

ಗೋಕರ್ಣದಲ್ಲಿ ತಂಗಲು ಮನೆ ಹುಡುಕುವವರಿಗೆ ಇದರ ಪರಿಣಾಮ ನೇರವಾಗಿ ತಟ್ಟುತ್ತದೆ. ಜಾಹೀರಾತಿನ ಜಾಗ ಪ್ರತಿ ಹುಡುಕಾಟಕ್ಕೂ ಕ್ಷಣಾರ್ಧದಲ್ಲಿ ನಡೆಯುವ ಹರಾಜಿನಲ್ಲಿ ಮಾರಾಟವಾಗುತ್ತದೆ. ಕೂಗಿದ ಬೆಲೆಯ ಜೊತೆಗೆ ಜಾಹೀರಾತು ಪ್ರಶ್ನೆಗೆ ಎಷ್ಟು ಹೊಂದುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ಯಾರಾದರೂ ಒತ್ತಿದಾಗ ಮಾತ್ರ ಹಣ ಕಡಿತವಾಗುತ್ತದೆ. ಕೂಡ್ಲೆ ಕಡಲತೀರದ ಹಿಂದೆ ನಾಲ್ಕು ಕೋಣೆ ಇಟ್ಟುಕೊಂಡ ಕುಟುಂಬವೂ, ದೇಶದುದ್ದಕ್ಕೂ ಕೋಣೆ ಮಾರುವ ದೊಡ್ಡ ಬುಕಿಂಗ್ ಸಂಸ್ಥೆಯೂ ಅದೇ ಹರಾಜಿಗೆ ಕೂರಬೇಕು. ಮೇಲಿನ ನಾಲ್ಕು ಸ್ಥಾನಗಳಲ್ಲಿ ಯಾರ ಹೆಸರು ಮತ್ತೆ ಮತ್ತೆ ಕಾಣುತ್ತದೆ ಎಂದು ನೋಡಿದರೆ ಹರಾಜಿನ ಫಲ ತಿಳಿಯುತ್ತದೆ. ಮೊಬೈಲ್‌ನ ಸಣ್ಣ ಪರದೆಯಲ್ಲಿ ಆ ನಾಲ್ಕು ಮುಗಿಯುವ ಹೊತ್ತಿಗೆ ಬೆರಳು ಒಮ್ಮೆ ಎಳೆದಾಗಿರುತ್ತದೆ.

2007ರ ಮೇ ತಿಂಗಳಲ್ಲಿ ಸುದ್ದಿ, ಚಿತ್ರ, ವಿಡಿಯೊ, ನಕ್ಷೆಗಳ ಪ್ರತ್ಯೇಕ ಹುಡುಕಾಟಗಳನ್ನು ಒಂದೇ ಪುಟದಲ್ಲಿ ಬೆರೆಸಲಾಯಿತು. ಅದಕ್ಕಿಂತ ದೊಡ್ಡ ತಿರುವು 2012ರ ಮೇ ತಿಂಗಳಿನ ‘ನಾಲೆಡ್ಜ್ ಗ್ರಾಫ್’. ಅಲ್ಲಿಯವರೆಗೆ ಯಂತ್ರಕ್ಕೆ ‘ಶಿರಸಿ’ ಎಂಬುದು ಕೆಲವು ಅಕ್ಷರಗಳ ಒಂದು ಸಾಲು ಮಾತ್ರ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಶಿರಸಿಯನ್ನು ಬರೆಯುವಂತೆಯೇ ಬರೆಯುವ ಇನ್ನೊಂದು ಊರು ಉತ್ತರ ಪ್ರದೇಶದಲ್ಲಿದೆ. ಗ್ರಂಥಾಲಯಗಳಿಗೆ ತಂತ್ರಾಂಶ ಮಾಡುವ ಅಮೆರಿಕದ ಕಂಪನಿಯೊಂದರ ಹೆಸರೂ ಅದೇ ಅಕ್ಷರಗಳಿಂದ ಶುರುವಾಗುತ್ತದೆ. ಇವು ಮೂರು ಬೇರೆ ಸಂಗತಿಗಳು, ಒಂದು ಮಾರಿಕಾಂಬಾ ದೇವಾಲಯ ಇರುವ ಊರು, ಅದು ಉತ್ತರ ಕನ್ನಡ ಜಿಲ್ಲೆಯ ತಾಲ್ಲೂಕು ಕೇಂದ್ರ ಎಂಬ ಸಂಬಂಧಗಳ ಬಲೆಯನ್ನು ಕಟ್ಟಿಡುವುದೇ ನಾಲೆಡ್ಜ್ ಗ್ರಾಫ್. ಆರಂಭದಲ್ಲೇ ಅದರಲ್ಲಿ 50 ಕೋಟಿ ಸಂಗತಿಗಳು, ಅವುಗಳ ಬಗ್ಗೆ 350 ಕೋಟಿಗೂ ಹೆಚ್ಚು ವಿವರಗಳಿವೆ ಎಂದು ಕಂಪನಿ ಹೇಳಿತ್ತು. ಊರಿನ ಹೆಸರು ಹುಡುಕಿದರೆ ಜನಸಂಖ್ಯೆ, ಹವಾಮಾನ, ಚಿತ್ರಗಳ ಚೌಕ ಬರುವುದು ಇಲ್ಲಿಂದ. ವಿಕಿಪೀಡಿಯದಂಥ ಮೂಲಗಳಿಂದ ಕಟ್ಟಿದ್ದಾದ್ದರಿಂದ ಮೂಲದಲ್ಲಿ ತಪ್ಪಿದ್ದರೆ ಚೌಕದಲ್ಲೂ ತಪ್ಪು.

2014ರಲ್ಲಿ ಬಂದ ‘ಫೀಚರ್ಡ್ ಸ್ನಿಪೆಟ್’ ಕನ್ನಡಿಗರಿಗೆ ಮರೆಯಲಾಗದ ವಿಷಯ. ಪ್ರಶ್ನೆಗೆ ಹೊಂದುವ ಒಂದು ಪುಟದಿಂದ ಎರಡು ಮೂರು ವಾಕ್ಯ ಕಿತ್ತು, ದೊಡ್ಡಕ್ಷರದಲ್ಲಿ ಎಲ್ಲಕ್ಕಿಂತ ಮೇಲೆ ಚೌಕದಲ್ಲಿ ಇಡುವ ಕ್ರಮ ಇದು. 2021ರ ಜೂನ್‌ನಲ್ಲಿ ‘ಭಾರತದ ಅತಿ ಕುರೂಪಿ ಭಾಷೆ ಯಾವುದು’ ಎಂಬರ್ಥದ ಇಂಗ್ಲಿಷ್ ಪ್ರಶ್ನೆಗೆ ಆ ಚೌಕದಲ್ಲಿ ಕನ್ನಡದ ಹೆಸರು ಬಂತು. ರಾಜ್ಯದಾದ್ಯಂತ ಸಿಟ್ಟು ಭುಗಿಲೆದ್ದಿತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು, ಗೂಗಲ್ ಆ ಫಲಿತಾಂಶವನ್ನು ತೆಗೆದು ಕ್ಷಮೆ ಕೇಳಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಆದದ್ದು ಹೇಗೆ ಎಂಬ ವಿವರಣೆ ಸಿಟ್ಟಿನ ಸದ್ದಿನಲ್ಲಿ ಹೆಚ್ಚು ಜನರನ್ನು ಮುಟ್ಟಲಿಲ್ಲ.

ಆದದ್ದು ಹೀಗೆ. ಭಾಷೆಗಳಲ್ಲಿ ಕುರೂಪಿ ಯಾವುದು ಎಂದು ಬುದ್ಧಿಯಿದ್ದವರು ಯಾರೂ ಲೇಖನ ಬರೆಯುವುದಿಲ್ಲ. ಹಾಗಾಗಿ ಆ ಪ್ರಶ್ನೆಗೆ ಹೊಂದುವ ಪುಟಗಳು ಜಾಲದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಯಾರೋ ಎಲ್ಲೋ ಬರೆದ ಒಂದು ಪುಟದಲ್ಲಿ ಪ್ರಶ್ನೆಯ ಪದಗಳೇ ಇದ್ದವು. ಯಂತ್ರ ನೋಡಿದ್ದು ಪದಗಳ ಹೊಂದಾಣಿಕೆಯನ್ನು. ಆ ಮಾತು ನಿಜವೇ, ಆ ಪ್ರಶ್ನೆಗೆ ಅರ್ಥವಿದೆಯೇ ಎಂದು ತೂಗುವ ವ್ಯವಸ್ಥೆ ಅಲ್ಲಿರಲಿಲ್ಲ. ನೂರು ಪುಟಗಳು ಒಟ್ಟಾಗಿ ಹೇಳುವ ಸತ್ಯವೂ, ದಿಕ್ಕಿಲ್ಲದ ಒಂದೇ ಪುಟದ ಹುಚ್ಚು ಮಾತೂ ಅದೇ ಚೌಕದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ಅದೇ ಗಾಂಭೀರ್ಯದಿಂದ ಕಾಣಿಸಿಕೊಂಡವು. ಈ ಬಗೆಯ ಬರಿದು ಜಾಗಕ್ಕೆ ತಂತ್ರಜ್ಞರು ‘ಡೇಟಾ ವಾಯ್ಡ್’ ಎನ್ನುತ್ತಾರೆ, ಮಾಹಿತಿಯ ಬಯಲು ಎಂದುಕೊಳ್ಳಬಹುದು.

ಮೂರು ವರ್ಷಗಳ ಬಳಿಕ ಅದೇ ಬಯಲು ಇನ್ನೊಂದು ರೂಪದಲ್ಲಿ ಎದುರಾಯಿತು. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ‘ಎಐ ಓವರ್‌ವ್ಯೂ’ ಎಂಬ ಸಾರಾಂಶ ಚೌಕ ಎಲ್ಲರಿಗೂ ತೆರೆದ ಕೆಲವೇ ದಿನಗಳಲ್ಲಿ, ಪಿಜ್ಜಾ ಮೇಲಿನ ಚೀಸ್ ಜಾರದಿರಲು ಅಂಟು ಬೆರೆಸಿ ಎಂದೂ, ದಿನಕ್ಕೊಂದು ಸಣ್ಣ ಕಲ್ಲು ತಿನ್ನಿ ಎಂದೂ ಅದು ಸಲಹೆ ಕೊಟ್ಟಿತು. ಮೊದಲನೆಯದರ ಮೂಲ ಯಾರೋ ತಮಾಷೆಗೆ ಬರೆದ ಒಂದು ಪ್ರತಿಕ್ರಿಯೆ, ಎರಡನೆಯದರ ಮೂಲ ಒಂದು ವಿಡಂಬನೆಯ ಬರಹ. ಎಷ್ಟು ಕಲ್ಲು ತಿನ್ನಬೇಕು ಎಂದು ಗಂಭೀರವಾಗಿ ಬರೆದವರು ಯಾರೂ ಇರಲಿಲ್ಲವಾದ್ದರಿಂದ ವಿಡಂಬನೆಯೇ ಏಕೈಕ ಉತ್ತರವಾಯಿತು. ಕಂಪನಿ ತನ್ನ ವಿವರಣೆಯಲ್ಲಿ ಇಂಥ ಬಯಲುಗಳನ್ನೇ ಒಂದು ಕಾರಣವಾಗಿ ಹೆಸರಿಸಿತು.

ಎಐ ಓವರ್‌ವ್ಯೂ ಕೆಲಸ ಮಾಡುವ ಬಗೆಯನ್ನು ತಿಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹಳೆಯ ಸ್ನಿಪೆಟ್ ಒಂದು ಪುಟದ ವಾಕ್ಯವನ್ನು ಇದ್ದಂತೆಯೇ ಕಿತ್ತು ತರುತ್ತಿತ್ತು. ಹೊಸ ವ್ಯವಸ್ಥೆ ನಮ್ಮ ಒಂದು ಪ್ರಶ್ನೆಯನ್ನು ಹಲವು ಉಪಪ್ರಶ್ನೆಗಳಾಗಿ ಒಡೆದು ಹುಡುಕಬಲ್ಲದು. ಸಿಕ್ಕ ಪುಟಗಳ ಭಾಗಗಳನ್ನು ದೊಡ್ಡ ಭಾಷಾ ಮಾದರಿಗೆ, ಎಂದರೆ ಅಪಾರ ಬರಹದಿಂದ ವಾಕ್ಯ ಕಟ್ಟಲು ಕಲಿತ ತಂತ್ರಾಂಶಕ್ಕೆ, ಉಣಿಸಿ, ಅದರಿಂದ ಹೊಸ ವಾಕ್ಯ ಬರೆಸುತ್ತದೆ, ಪಕ್ಕದಲ್ಲಿ ಕೆಲವು ಕೊಂಡಿಗಳನ್ನು ಕೊಡುತ್ತದೆ. ಹಾಗಾಗಿ ಅಲ್ಲಿ ಓದುವ ವಾಕ್ಯ ಯಾವ ಪುಟದಲ್ಲೂ ಹಾಗೆಯೇ ಇಲ್ಲದಿರಬಹುದು. ಎರಡು ಪುಟಗಳ ಸರಿಯಾದ ಸಂಗತಿಗಳನ್ನು ಜೋಡಿಸಿ ತಪ್ಪು ವಾಕ್ಯ ಹುಟ್ಟುವುದೂ ಸಾಧ್ಯ. ಭಾರತಕ್ಕೆ ಇದು 2024ರ ಆಗಸ್ಟ್‌ನಲ್ಲಿ ಮೊದಲು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬಂತು. ಪೂರ್ತಿ ಸಂಭಾಷಣೆಯ ರೂಪದ ‘ಎಐ ಮೋಡ್’ 2025ರಲ್ಲಿ ಬಂತು; ಅಲ್ಲಿ ಕೊಂಡಿಗಳ ಪಟ್ಟಿಯೇ ಹಿಂದೆ ಸರಿದಿದೆ.

ಈಗ ನಮ್ಮ ಜಿಲ್ಲೆಗೆ ಬನ್ನಿ. ಉತ್ತರ ಕನ್ನಡದ ದಿನನಿತ್ಯದ ಪ್ರಶ್ನೆಗಳಲ್ಲಿ ಬಹುಪಾಲು ಮಾಹಿತಿಯ ಬಯಲಿನಲ್ಲೇ ನಿಂತಿವೆ. ನಾನು ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು.

ರಸ್ತೆಯನ್ನೇ ತೆಗೆದುಕೊಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಹಾನಿಯಾಯಿತು. ದೇಶದ ಎಲ್ಲ ಮಾಧ್ಯಮಗಳು ಬರೆದವು, ಆ ಪುಟಗಳೆಲ್ಲ ಜಾಲದಲ್ಲಿ ಶಾಶ್ವತವಾಗಿ ಉಳಿದಿವೆ. ಹೆದ್ದಾರಿ ಮುಚ್ಚಿತು ಎಂಬುದು ದೊಡ್ಡ ಸುದ್ದಿ, ನೂರಾರು ಪುಟ. ತೆರೆಯಿತು ಎಂಬುದು ಚಿಕ್ಕ ಸುದ್ದಿ, ಕೆಲವೇ ಪುಟ. ಹೊಂದಾಣಿಕೆ ಮತ್ತು ಕೊಂಡಿಗಳ ಬಲದಿಂದ ಆಯುವ ಯಂತ್ರಕ್ಕೆ ಹಳೆಯ ದೊಡ್ಡ ಸುದ್ದಿ ಯಾವಾಗಲೂ ಆಕರ್ಷಕ. ದೇವಿಮನೆ, ಅರಬೈಲು ಘಾಟಿಗಳ ವಿಷಯದಲ್ಲೂ ಹೀಗೆಯೇ: ಹಿಂದಿನ ವರ್ಷದ ಸಂಚಾರ ನಿಷೇಧದ ಆದೇಶ ಈ ವರ್ಷದ ಪ್ರಶ್ನೆಗೆ ಉತ್ತರವಾಗಿ ಬರಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ.

ಮಳೆ ರಜೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಕಡಲತೀರದ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಕ್ಕೆ ಮಳೆ ಒಂದು ತೆರನಾದರೆ ಮುಂಡಗೋಡ, ಹಳಿಯಾಳಕ್ಕೆ ಇನ್ನೊಂದು ತೆರ. ಜಿಲ್ಲಾಧಿಕಾರಿ ಎಷ್ಟೋ ಸಲ ಆಯ್ದ ತಾಲ್ಲೂಕುಗಳಿಗೆ ಮಾತ್ರ ಶಾಲಾ ರಜೆ ಸಾರುತ್ತಾರೆ. ಸಾರಾಂಶ ಮಾಡುವಾಗ ಮೊದಲು ಉದುರುವುದು ಇಂಥ ವಿವರವೇ. ‘ಉತ್ತರ ಕನ್ನಡದಲ್ಲಿ ಶಾಲೆಗಳಿಗೆ ರಜೆ’ ಎಂಬ ಸುಂದರ ವಾಕ್ಯ ಸಿದ್ದಾಪುರದ ತಾಯಿಯೊಬ್ಬಳಿಗೆ ಏನನ್ನೂ ತಿಳಿಸುವುದಿಲ್ಲ.

ಅಡಿಕೆ ದರವನ್ನು ಈಗ ಬೆಳೆಗಾರರು ಬೆಳಗ್ಗೆ ಮೊಬೈಲ್‌ನಲ್ಲೇ ನೋಡುತ್ತಾರೆ. ಶಿರಸಿ ಮಾರುಕಟ್ಟೆಯಲ್ಲಿ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಒಂದೊಂದಕ್ಕೂ ಬೇರೆ ದರ. ರಾಶಿ, ಬೆಟ್ಟೆ ಎಂಬ ಹೆಸರುಗಳು ಶಿವಮೊಗ್ಗ ಮಾರುಕಟ್ಟೆಯಲ್ಲೂ ಇವೆ, ಅಲ್ಲಿನ ದರ ಬೇರೆ. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದರೂ, ದರದ ಸಾರಾಂಶ ಬರೆಯುವ ಯಂತ್ರಕ್ಕೆ ಯಾವ ಸಂಖ್ಯೆ ಯಾವ ಮಾರುಕಟ್ಟೆಯ ಯಾವ ದಿನದ್ದು ಎಂಬುದನ್ನು ಪುಟದ ಬರಹವೇ ಹೇಳಬೇಕು. ಪ್ರತಿದಿನ ತಲೆಬರಹದ ದಿನಾಂಕ ಮಾತ್ರ ಬದಲಾಗುವ ದರಪಟ್ಟಿಗಳು ಜಾಲದಲ್ಲಿ ಇದ್ದೇ ಇವೆ. ಇಲ್ಲಿ ತಪ್ಪಿದರೆ ಕ್ವಿಂಟಲ್‌ಗೆ ಸಾವಿರಾರು ರೂಪಾಯಿಯ ವ್ಯತ್ಯಾಸ. ದರಕ್ಕೆ ಸಾರಾಂಶವನ್ನು ನೆಚ್ಚಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಾರಾಟ ಸಹಕಾರಿ ಸಂಘ ಅಥವಾ ಎಪಿಎಂಸಿಯ ಆ ದಿನದ ಪಟ್ಟಿಯನ್ನೇ ನೋಡಬೇಕು.

ಇನ್ನು ಅಪ್ಪೆಮಿಡಿಯಂಥ ವಿಷಯಗಳು. ಅನಂತಭಟ್ಟನ ಅಪ್ಪೆ ಎಂಬ ತಳಿಯ ಹೆಸರು ಉಪ್ಪಿನಕಾಯಿ ಹಾಕುವ ಮನೆಗಳಲ್ಲಿ ಪರಿಚಿತ. ಆದರೆ ಹೊಳೆಬದಿಯ ಯಾವ ಮರದ ಮಿಡಿ ಎಷ್ಟು ವರ್ಷ ಕೆಡುವುದಿಲ್ಲ, ಯಾವುದರ ಸೊನೆಗೆ ಜೀರಿಗೆಯ ಪರಿಮಳ ಎಂಬ ತಿಳಿವಳಿಕೆ ಇರುವುದು ಹಿರಿಯರ ಬಾಯಿಯಲ್ಲಿ. ಬರಹವಾಗಿ ಜಾಲಕ್ಕೆ ಬಂದದ್ದು ಅತ್ಯಲ್ಪ. ಕೇಳಿದರೆ ಚೌಕ ಸುಮ್ಮನಿರುವುದಿಲ್ಲ, ಮಾವಿನ ಬಗ್ಗೆ ಎಲ್ಲೆಡೆಯಿಂದ ಸಂಗ್ರಹಿಸಿದ ಮಾತನ್ನು ನಿಶ್ಚಿತ ಧ್ವನಿಯಲ್ಲಿ ಕೊಡುತ್ತದೆ.

ನಕ್ಷೆಯ ಚೌಕದ ಬಗ್ಗೆ ಎರಡೇ ಮಾತು. 2015ರ ಆಗಸ್ಟ್‌ನಿಂದ ಅದರಲ್ಲಿ ಸಾಮಾನ್ಯವಾಗಿ ಮೂರು ಅಂಗಡಿ ಅಥವಾ ಹೋಟೆಲುಗಳ ಹೆಸರು ಮಾತ್ರ ಬರುತ್ತದೆ, ಮೊದಲು ಏಳು ಬರುತ್ತಿದ್ದವು. ಪ್ರಶ್ನೆಗೆ ಹೊಂದಾಣಿಕೆ, ನಾವು ನಿಂತ ಜಾಗದಿಂದ ದೂರ, ಎಷ್ಟು ಪ್ರಸಿದ್ಧ ಎಂಬ ಮೂರು ಅಂಶಗಳಿಂದ ಆಯ್ಕೆ ನಡೆಯುತ್ತದೆ. ಹಾಗಾಗಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಂತು ಮೀನೂಟ ಹುಡುಕಿದವರಿಗೂ ಸದಾಶಿವಗಡದಲ್ಲಿ ನಿಂತು ಹುಡುಕಿದವರಿಗೂ ಬೇರೆ ಮೂರು ಹೆಸರು ಬರಬಹುದು. ಇಲ್ಲಿ ನೋಂದಾಯಿಸಲು ಹಣ ಕೊಡಬೇಕಿಲ್ಲ. ಜೂನ್ ಮತ್ತು ಜುಲೈನ ಯಾಂತ್ರಿಕ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಬಾಗಿಲು ಹಾಕುವ ಊಟದ ಮನೆಗಳು ಆ ಮಾಹಿತಿಯನ್ನು ಅಲ್ಲಿ ನವೀಕರಿಸಿದರೆ ದೂರದಿಂದ ಬರುವವರ ಒಂದು ಪ್ರಯಾಣ ಉಳಿಯುತ್ತದೆ.

ಪುಟ ತಾನೇ ಉತ್ತರಿಸತೊಡಗಿದಾಗ ಆ ಉತ್ತರದ ಮೂಲ ಬರೆದವರಿಗೆ ಏನಾಗುತ್ತದೆ? ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಐ ಸಾರಾಂಶ ಕಂಡ ಪುಟಗಳಲ್ಲಿ ಜನ ಸಾಮಾನ್ಯ ಕೊಂಡಿಯನ್ನು ಒತ್ತಿದ್ದು ಶೇ 8ರಷ್ಟು ಸಲ. ಸಾರಾಂಶ ಇಲ್ಲದಲ್ಲಿ ಅದು ಶೇ 15. ಸಾರಾಂಶದ ಒಳಗಿನ ಕೊಂಡಿಯನ್ನು ಒತ್ತಿದ್ದು ಶೇ 1ರಷ್ಟು ಮಾತ್ರ. ಅದು ಅಮೆರಿಕದ ಬಳಕೆದಾರರ ಲೆಕ್ಕ. ಆದರೂ ಅದರ ದಿಕ್ಕು ನನಗೆ ಆತಂಕ ತರುತ್ತದೆ. ಹೊನ್ನಾವರದ ಕಾಂಡ್ಲಾ ಕಾಡಿನ ಬಗ್ಗೆ, ಶಾಲ್ಮಲೆಯ ಸಹಸ್ರಲಿಂಗದ ಬಗ್ಗೆ ಊರಿನವರೊಬ್ಬರು ಶ್ರಮಪಟ್ಟು ಕನ್ನಡದಲ್ಲಿ ಬರೆದಿಟ್ಟ ಪುಟಕ್ಕೆ ಓದುಗರು ಬಾರದಿದ್ದರೆ ಮುಂದಿನ ಪುಟ ಬರೆಯುವ ಹುಮ್ಮಸ್ಸು ಎಲ್ಲಿಂದ ಬರಬೇಕು? ಅವರು ಬರೆಯುವುದನ್ನು ನಿಲ್ಲಿಸಿದಷ್ಟೂ ಬಯಲು ಹಿಗ್ಗುತ್ತದೆ, ಬಯಲು ಹಿಗ್ಗಿದಷ್ಟೂ ಚೌಕದ ಉತ್ತರ ಕೆಡುತ್ತದೆ.

ಪುಟದ ವಿನ್ಯಾಸದ ವಿಚಾರ ನ್ಯಾಯದ ಕಟಕಟೆಯನ್ನೂ ಹತ್ತಿದೆ. ಬೆಲೆ ಹೋಲಿಕೆಯಲ್ಲಿ ತನ್ನದೇ ಸೇವೆಯನ್ನು ಮೇಲೆ ತೋರಿಸಿದ್ದಕ್ಕೆ ಯುರೋಪಿಯನ್ ಕಮಿಷನ್ 2017ರಲ್ಲಿ ಗೂಗಲ್‌ಗೆ 242 ಕೋಟಿ ಯುರೊ ದಂಡ ಹಾಕಿತು. ಭಾರತೀಯ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲಿ ₹135.86 ಕೋಟಿ ದಂಡ ವಿಧಿಸಿತು. ವಿಮಾನ ಹುಡುಕಾಟದಲ್ಲಿ ತನ್ನ ಚೌಕವನ್ನು ಎದ್ದು ಕಾಣುವಂತೆ ಇಟ್ಟದ್ದು ಅದರಲ್ಲಿ ಒಂದು ಆಕ್ಷೇಪವಾಗಿತ್ತು.

ಓದುಗರಾಗಿ ಮಾಡಬಹುದಾದದ್ದು ಕಷ್ಟದ ಕೆಲಸವೇನಲ್ಲ. ಮೇಲಿನ ಚೌಕ ನೋಡಿದ ಕೂಡಲೇ ಅದರ ಕೊಂಡಿ ಒತ್ತಿ ಮೂಲ ಪುಟದ ದಿನಾಂಕ ನೋಡಿ. ಫಲಿತಾಂಶ ಪುಟದ ಮೇಲ್ಭಾಗದ ಸಾಲಿನಲ್ಲಿ ಚಿತ್ರ, ಸುದ್ದಿಗಳ ಜೊತೆ ‘ವೆಬ್’ ಎಂಬ ಆಯ್ಕೆ 2024ರ ಮೇ ತಿಂಗಳಿನಿಂದ ಇದೆ, ಕೆಲವೊಮ್ಮೆ ‘ಇನ್ನಷ್ಟು’ ಎಂಬುದರ ಒಳಗೆ ಅಡಗಿರುತ್ತದೆ. ಅದನ್ನು ಒತ್ತಿದರೆ ಸಾರಾಂಶ, ನಕ್ಷೆ, ಚೌಕಗಳೆಲ್ಲ ಸರಿದು ಬರೀ ಕೊಂಡಿಗಳು ಉಳಿಯುತ್ತವೆ. ಇದಲ್ಲದೆ, ಒಂದೇ ಪ್ರಶ್ನೆಯನ್ನು ಒಮ್ಮೆ ಕನ್ನಡ ಲಿಪಿಯಲ್ಲಿ, ಒಮ್ಮೆ ಇಂಗ್ಲಿಷ್‌ನಲ್ಲಿ ಕೇಳಿ ನೋಡಿ. ಸ್ಥಳೀಯ ಸುದ್ದಿಗೆ ಕನ್ನಡ ಲಿಪಿಯ ಹುಡುಕಾಟ ಎಷ್ಟೋ ಸಲ ಬೇರೆಯದೇ ಪುಟಗಳನ್ನು ತರುತ್ತದೆ.

ಪುಟ ಬರೆಯುವವರ ಆಯ್ಕೆ ಇಷ್ಟು ಸುಲಭದ್ದಲ್ಲ. ತಮ್ಮ ಪುಟದ ಬರಹವನ್ನು ಸಾರಾಂಶಕ್ಕೆ ಬಳಸಬೇಡಿ ಎನ್ನಲು ‘ನೋಸ್ನಿಪೆಟ್’ ಎಂಬ ಸೂಚನೆಯನ್ನು ಪುಟದ ಸಂಕೇತದಲ್ಲಿ (ಕೋಡ್) ಸೇರಿಸಬಹುದು. ಆದರೆ ಅದನ್ನು ಹಾಕಿದರೆ ಸಾಮಾನ್ಯ ಫಲಿತಾಂಶದಲ್ಲಿ ಕೊಂಡಿಯ ಕೆಳಗೆ ಬರುವ ಎರಡು ಸಾಲಿನ ಪರಿಚಯವೂ ಹೋಗುತ್ತದೆ. ಪರಿಚಯವಿಲ್ಲದ ಕೊಂಡಿಯನ್ನು ಒತ್ತುವವರು ಕಡಿಮೆ. ‘ಗೂಗಲ್ ಎಕ್ಸ್‌ಟೆಂಡೆಡ್’ ಎಂಬ ಇನ್ನೊಂದು ಸೂಚನೆ ಇದೆ, ಅದು ಗೂಗಲ್‌ನ ಜೆಮಿನಿ ಎಂಬ ಎಐ ಮಾದರಿಗಳ ತರಬೇತಿಗೆ ಬರಹ ಹೋಗದಂತೆ ತಡೆಯುತ್ತದೆಯೇ ಹೊರತು ಹುಡುಕಾಟದ ಸಾರಾಂಶಕ್ಕೆ ಅನ್ವಯಿಸುವುದಿಲ್ಲ. ಪ್ರಕಾಶಕರ ಬರಹವನ್ನು ಹೀಗೆ ಎಐ ಉತ್ತರಗಳಿಗೆ ಬಳಸುವುದು ನ್ಯಾಯವೇ ಎಂಬ ಬಗ್ಗೆ ಯುರೋಪಿಯನ್ ಕಮಿಷನ್ 2025ರ ಡಿಸೆಂಬರ್‌ನಲ್ಲಿ ಔಪಚಾರಿಕ ತನಿಖೆ ಆರಂಭಿಸಿದೆ. ಸದ್ಯಕ್ಕೆ ಶಿರಸಿಯಲ್ಲಿ ಕೂತು ಅಪ್ಪೆಮಿಡಿಯ ಬಗ್ಗೆ ಬರೆಯುವವರಿಗೆ ನನ್ನ ಸಲಹೆ ‘ನೋಸ್ನಿಪೆಟ್’ ಸೂಚನೆಯನ್ನು ಹಾಕದೆ ಇರುವುದು, ಮತ್ತು ಪುಟದ ಮೇಲೆ ಊರು, ತಾಲ್ಲೂಕು, ಬರೆದ ದಿನಾಂಕ, ಬರೆದವರ ಹೆಸರನ್ನು ಸ್ಪಷ್ಟವಾಗಿ ಅಕ್ಷರದಲ್ಲೇ ಬರೆಯುವುದು. ಚಿತ್ರದೊಳಗೆ ಅಚ್ಚಾದ ಬರಹವನ್ನು ಹುಡುಕಾಟ ಸರಿಯಾಗಿ ಓದಿಕೊಳ್ಳುತ್ತದೆ ಎಂದು ನೆಚ್ಚುವಂತಿಲ್ಲ. ನಮ್ಮಲ್ಲಿ ಜಾತ್ರೆಯ ವೇಳಾಪಟ್ಟಿಯಿಂದ ಯಕ್ಷಗಾನದ ಕರಪತ್ರದವರೆಗೆ ಎಲ್ಲವೂ ಚಿತ್ರವಾಗಿಯೇ ಜಾಲಕ್ಕೆ ಏರುತ್ತಿದೆ.